ತುಮಕೂರು–ಬೆಂಗಳೂರು ಕಾರ್ ಓಡಾಟ: ಈ ಕಾಟ ನನಗೊಬ್ಬನಿಗೇನಾ?

ಶೆಟ್ಟಿಹಳ್ಳಿ ಗೇಟ್
ದಿನಾ ತುಮಕೂರಿಂದ ಯಶವಂತಪುರದ ಕಡೆ ಕಾರಲ್ಲಿ ಹೋಗಿ ಬರುವವರು ಇಲ್ಲಿ ಯಾರ್ಯಾರು ಇದ್ದೀರಿ? ಒಂದು ವಿಷಯ ಕೇಳಬೇಕಿತ್ತು. ಹೀಗೆಲ್ಲ ಆಗೋದು ನನಗೊಬ್ಬನಿಗೇನಾ?

ಟೋಲ್‌ನಲ್ಲಿ ನಾನು ಯಾವ ಸಾಲಿಗೆ ಹೋದರೂ ನನ್ನ ಮುಂದಿನ ಗಾಡಿಯ ಫಾಸ್ಟ್‌ಟ್ಯಾಗ್ ಓದುವುದಿಲ್ಲ. ಹುಡುಗ ಕೈ ಮಷಿನ್ ಹಿಡಿದು ಬರುತ್ತಾನೆ. ಗಾಜಿಗೆ ಒತ್ತುತ್ತಾನೆ. ಒರೆಸಿ ಮತ್ತೆ ಒತ್ತುತ್ತಾನೆ. ಡ್ರೈವರ್ ಸನ್‌ಶೇಡ್ ಹಿಂದಿನಿಂದ ಇನ್ನೊಂದು ಸ್ಟಿಕ್ಕರ್ ತೆಗೆದು ಕೊಡುತ್ತಾನೆ. ಅದರಲ್ಲಿ ಬ್ಯಾಲೆನ್ಸ್ ಇಲ್ಲ. ಅಷ್ಟರಲ್ಲಿ ಪಕ್ಕದ ಸಾಲು ಪೂರ್ತಿ ಖಾಲಿ. ನಾನು ಅಲ್ಲಿಗೆ ಹೋದ ತಕ್ಷಣ ಅಲ್ಲಿಯ ಮಷಿನ್ ಕೆಡುತ್ತೆ.

ಕಾರ್ ತೊಳೆಸಿದ ಸಂಜೆಯೇ ಮಳೆ. ಬೇಗ ಹೊರಟ ದಿನವೇ ದಾಬಸ್‌ಪೇಟೆ ಹತ್ತಿರ ಲಾರಿ ಕೆಟ್ಟು ನಿಂತಿರುತ್ತೆ. ಹೋದ ವಾರ ಹಿರೇಹಳ್ಳಿ ದಾಟಿದ ಮೇಲೆ ಹಿಂದಿನ ಟೈರ್ ಪಂಕ್ಚರ್. ಡಿಕ್ಕಿಯಲ್ಲಿದ್ದ ಸಾಮಾನೆಲ್ಲ ರಸ್ತೆ ಬದಿಗೆ ಇಳಿಸಿದೆ. ಸ್ಪ್ಯಾನರ್ ಮೇಲೆ ಹತ್ತಿ ನಿಂತು ನಟ್ ಬಿಚ್ಚಿದೆ. ಸ್ಟೆಪ್ನಿ ಹಾಕಿ ಜಾಕ್ ಇಳಿಸಿದರೆ ಕಾರ್ ಹಾಗೇ ಕೆಳಗೆ ಕೂತುಕೊಂಡಿತು. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ! ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತಾರಲ್ಲ, ಅದು ನಾನೇ.

ಅಮ್ಮ ಸಾಡೇಸಾತಿ ಅಂತಿದ್ದಾರೆ. ಏಳೂವರೆ ವರ್ಷ ಈ ರಸ್ತೆಯಲ್ಲಿ ಹೀಗೇನಾ?

ರೈಲ್ವೆ ಪಾಸ್
ಕಾರ್ ಮಾರಿ ರೈಲು ಹತ್ತು ಗುರು. ಶನಿ ಟಿಕೆಟ್ ಇಲ್ಲದೆ ಹತ್ತಲ್ಲ.

ಕ್ಯಾತ್ಸಂದ್ರದ ಸೊಸೆ
ಅಣ್ಣಾ, ನಿಮ್ಮ ಮನೆಯಲ್ಲಿ ಬರೀ ಸಾಡೇಸಾತಿ. ನಮ್ಮ ಮನೆಯಲ್ಲಿ ರಾಹುಕಾಲ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಆಫೀಸಿಗೆ ಹೊರಡುವವರು ಇನ್ಯಾವಾಗ ಹೊರಡಬೇಕು ಹೇಳಿ? ಅದಕ್ಕೇ ನಮ್ಮ ಅತ್ತೆ ಒಂದು ದಾರಿ ಹುಡುಕಿದ್ದಾರೆ. ಏಳೂಕಾಲಿಗೆ ಕಾರನ್ನು ಗೇಟಿಂದ ಹೊರಗೆ ತಂದು ರಸ್ತೆಯಲ್ಲಿ ನಿಲ್ಲಿಸಬೇಕು. ಅಲ್ಲಿಗೆ ಹೊರಟ ಲೆಕ್ಕ. ಆಮೇಲೆ ಒಳಗೆ ಬಂದು ಆರಾಮಾಗಿ ತಿಂಡಿ ತಿನ್ನಬಹುದು. ರಾಹು ಬಂದಾಗ ಗಾಡಿ ಮನೆಯಲ್ಲಿ ಇರಲ್ಲ, ಅಷ್ಟೇ ಮುಖ್ಯ.

ಒಂದು ಸಲ ಹಾಗೆ ನಿಲ್ಲಿಸಿದ್ದಾಗ ಹಾಲಿನ ಗಾಡಿಯವನು ಕನ್ನಡಿ ಒಡೆದು ಹೋದ. ಅತ್ತೆ ಏನಂದರು ಗೊತ್ತಾ? "ನೋಡು, ದೊಡ್ಡದಾಗೋದು ಸಣ್ಣದರಲ್ಲಿ ಹೋಯ್ತು."

ಲೆಕ್ಕದ ಮೇಷ್ಟ್ರು
ಸೊಸೆಯವರಿಗೆ ಒಂದು ಮಾತು. ಏಳೂವರೆಯಿಂದ ಒಂಬತ್ತು ಅನ್ನುವುದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡ ಲೆಕ್ಕ. ಹಗಲನ್ನು ಎಂಟು ಭಾಗ ಮಾಡಿದರೆ ಸೋಮವಾರ ಎರಡನೆಯ ಭಾಗ ರಾಹುವಿನದು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ತಡವಾಗಿ ಹುಟ್ಟುತ್ತಾನೆ. ಆಗ ರಾಹುಕಾಲವೂ ತಡ. ಪಂಚಾಂಗದ ಪ್ರಕಾರವೇ ಎಂಟರ ಹತ್ತಿರದವರೆಗೆ ನಿಮಗೆ ಟೈಮ್ ಸಿಗುತ್ತೆ. ಅತ್ತೆಯವರಿಗೆ ತೋರಿಸಿ.

ಇನ್ನು ಶೆಟ್ಟಿಹಳ್ಳಿಯವರ ಸಾಲಿನ ಕಥೆ. ಅದು ಗ್ರಹಚಾರ ಅಲ್ಲ. ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. 1999ರಲ್ಲಿ ರೆಡೆಲ್ಮೈಯರ್, ಟಿಬ್‌ಶಿರಾನಿ ಅಂತ ಇಬ್ಬರು ನೇಚರ್ ಪತ್ರಿಕೆಯಲ್ಲಿ ಬರೆದರು. ಎರಡು ಲೇನ್, ಎರಡರಲ್ಲೂ ಸರಾಸರಿ ವೇಗ ಒಂದೇ. ಆದರೂ ಪಕ್ಕದ ಲೇನೇ ಬೇಗ ಹೋಗುತ್ತಿದೆ ಅಂತ ಕಾಣುತ್ತೆ. ಯಾಕೆ?

ನಿಮ್ಮ ಸಾಲು ಓಡುವಾಗ ಪಕ್ಕದ್ದು ನಿಂತಿರುತ್ತೆ ಅಂತ ಇಟ್ಟುಕೊಳ್ಳಿ. ನಿಂತ ಗಾಡಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹತ್ತು ಕಾರನ್ನು ನೀವು ಅರ್ಧ ನಿಮಿಷದಲ್ಲಿ ದಾಟಿಬಿಡುತ್ತೀರಿ. ಆಮೇಲೆ ನೀವು ನಿಲ್ಲುತ್ತೀರಿ, ಅವರು ಹೊರಡುತ್ತಾರೆ. ಓಡುವ ಗಾಡಿಗಳ ನಡುವೆ ಜಾಗ ಇರುತ್ತೆ. ಅದೇ ಹತ್ತು ಕಾರು ನಿಮ್ಮನ್ನು ದಾಟಲು ಎರಡು ನಿಮಿಷ ಬೇಕು. ದಾಟಿದ್ದು ಹತ್ತು, ದಾಟಿಸಿಕೊಂಡದ್ದೂ ಹತ್ತು. ಆದರೆ ಸುಮ್ಮನೆ ಕೂತು ನೋಡಿದ ಹೊತ್ತು ನಾಲ್ಕು ಪಟ್ಟು. ಇನ್ನೊಂದು ವಿಷಯ. ನೀವು ದಾಟಿದ ಕಾರು ಹಿಂದೆ ಉಳಿಯಿತು, ಕಾಣಲ್ಲ. ನಿಮ್ಮನ್ನು ದಾಟಿದ್ದು ಕಣ್ಣ ಮುಂದೆಯೇ ಇರುತ್ತೆ, ಹೊಟ್ಟೆ ಉರಿಸುತ್ತೆ.

ಶೆಟ್ಟಿಹಳ್ಳಿ ಗೇಟ್
ಮೇಷ್ಟ್ರೇ, ಲೇನ್ ವಿಷಯ ಒಪ್ಪಿದೆ. ಟೋಲ್ ಮಷಿನ್ ನಾನು ಹೋದಾಗಲೇ ಕೆಡೋದಕ್ಕೆ ಯಾವ ಪತ್ರಿಕೆಯಲ್ಲಿ ಬರೆದಿದ್ದಾರೆ?

ಲೆಕ್ಕದ ಮೇಷ್ಟ್ರು
ಅದಕ್ಕೆ ಪತ್ರಿಕೆ ಯಾಕೆ? ಟೋಲ್‌ನಲ್ಲಿ ಐದು ಸಾಲು ಇವೆ ಅಂದುಕೊಳ್ಳಿ. ಎಲ್ಲ ಸಾಲೂ ಸಮಾನ ಅಂದರೂ ಎಲ್ಲಕ್ಕಿಂತ ಬೇಗ ಹೋಗುವ ಸಾಲು ನಿಮ್ಮದೇ ಆಗಿರುವ ಅವಕಾಶ ಐದರಲ್ಲಿ ಒಂದು. ಐದು ದಿನದಲ್ಲಿ ನಾಲ್ಕು ದಿನ ಬೇರೆ ಯಾರೋ ಬೇಗ ಹೋಗಲೇಬೇಕು. ಆ ಐದನೆಯ ದಿನ ನೀವು ಹಾಡು ಕೇಳುತ್ತಾ ದಾಟಿ ಹೋಗಿರುತ್ತೀರಿ, ನೆನಪೇ ಇರಲ್ಲ.

ಹತ್ತು ಚಕ್ರ
ಎಲ್ಲರೂ ಲಾರಿ ಲಾರಿ ಅಂತೀರಲ್ಲ, ಲಾರಿಯವನ ಮಾತೂ ಸ್ವಲ್ಪ ಕೇಳಿ. ಹುಬ್ಬಳ್ಳಿ ಕಡೆಯಿಂದ ಲೋಡ್ ತರುತ್ತೇನೆ. ಬಲಗಡೆ ಲೇನಲ್ಲಿ ಯಾಕೆ ಹೋಗ್ತೀರಿ ಅಂತ ಕಾರಿನವರು ಹಾರ್ನ್ ಹೊಡೆಯುತ್ತಾರೆ. ಎಡಗಡೆ ಲೇನ್ ಒಂದು ಸಲ ನೋಡಿ. ಸರ್ವಿಸ್ ರಸ್ತೆಯಿಂದ ಬೈಕ್ ಸೀದಾ ನುಗ್ಗುತ್ತೆ. ಯೂ ಟರ್ನ್ ದೂರ ಅಂತ ಹುಲ್ಲಿನ ಹೊರೆ ಕಟ್ಟಿಕೊಂಡು ರಾಂಗ್ ಸೈಡಲ್ಲಿ ಬರುತ್ತಾರೆ. ಕೈ ತೋರಿಸಿದ ಕಡೆಯೆಲ್ಲ ಬಸ್ ನಿಲ್ಲುತ್ತೆ. ಕೆಟ್ಟ ಗಾಡಿ ಹಿಂದೆ ಎರಡು ಕಲ್ಲು, ಒಂದು ಕೊಂಬೆ ಇಟ್ಟಿರುತ್ತಾರೆ. ರಾತ್ರಿ ಹೊತ್ತು ಅದು ಹತ್ತಿರ ಬರೋವರೆಗೂ ಕಾಣಲ್ಲ. ಲೋಡ್ ಗಾಡಿಗೆ ಬ್ರೇಕ್ ಹೊಡೆದರೆ ನಿಮ್ಮ ಕಾರಿನ ಹಾಗೆ ನಿಂತಲ್ಲೇ ನಿಲ್ಲಲ್ಲ. ನಿಂತರೆ ಮತ್ತೆ ಒಂದೊಂದೇ ಗೇರ್ ಏರಿಸಬೇಕು. ಅದಕ್ಕೇ ಬಲಗಡೆ.

ಸರಿ ಅಂತ ಹೇಳ್ತಿಲ್ಲ. ಕಾರಣ ಹೇಳ್ತಿದ್ದೀನಿ.

ಇನ್ನು ಅದೃಷ್ಟದ ಮಾತು ಬಂತಲ್ಲ. ಪೀಣ್ಯ ಫ್ಲೈಓವರ್ 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಒಳಗಿನ ಕೇಬಲ್ ಕೆಟ್ಟಿದೆ ಅಂತ. 2022ರ ಫೆಬ್ರವರಿಯಲ್ಲಿ ಕಾರಿಗೆ ಬಿಟ್ಟರು. ನಮಗೆ ಬಿಟ್ಟಿದ್ದು 2024ರ ಜುಲೈನಲ್ಲಿ, ಅದೂ ಶುಕ್ರವಾರ ಬಿಟ್ಟು. ಅಲ್ಲಿಯವರೆಗೆ ಎರಡೂವರೆ ವರ್ಷ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಅಂತ ಒಂದೊಂದು ಸಿಗ್ನಲ್‌ನಲ್ಲೂ ನಿಂತು ಹೋದೆವು. ನೀವು ಮೇಲೆ, ನಾವು ಕೆಳಗೆ. ಸಾಡೇಸಾತಿ ಯಾರಿಗೆ ಹೇಳಿ?

ಕ್ಯಾತ್ಸಂದ್ರದ ಸೊಸೆ
ಹತ್ತು ಚಕ್ರದ ಅಣ್ಣ ಹೇಳಿದ್ದು ನಿಜ. ಆರು ಪಥದ ಕೆಲಸ ಅಂತ ಅಲ್ಲಲ್ಲಿ ದಾರಿ ತಿರುಗಿಸಿದ್ದಾರಲ್ಲ, ಅಲ್ಲಿ ಲಾರಿ, ಕಾರು, ಬೈಕು ಎಲ್ಲ ಒಂದೇ ಓಣಿಗೆ ಬರಬೇಕು. ಬೆಳಗ್ಗೆ ಇದ್ದ ತಿರುವು ಸಂಜೆಗೆ ಇರಲ್ಲ. ಮ್ಯಾಪ್ ಹೆಂಗಸು "ನೇರ ಹೋಗಿ" ಅಂತಾಳೆ, ಎದುರಿಗೆ ಕಾಂಕ್ರೀಟ್ ಗೋಡೆ.

ಗ್ಯಾರೇಜ್ ಅಂತರಸನಹಳ್ಳಿ
ಸ್ಟೆಪ್ನಿ ವಿಷಯಕ್ಕೆ ಬರೋಣ. ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಸ್ಟೆಪ್ನಿಗೆ ಸರಿಯಾಗಿ ಗಾಳಿ ಇರೋದು ಅಪರೂಪ. ಓಡದಿದ್ದರೂ ಟೈರಿನ ಗಾಳಿ ನಿಧಾನಕ್ಕೆ ಹೋಗುತ್ತೆ. ಪೆಟ್ರೋಲ್ ಬಂಕಲ್ಲಿ ನಾಲ್ಕು ಟೈರ್ ತೋರಿಸಿ ಬರ್ತಾರೆ, ಐದನೆಯದು ಯಾರಿಗೂ ನೆನಪಾಗಲ್ಲ. ಡಿಕ್ಕಿಯಲ್ಲಿ ಬ್ಯಾಗು, ಅಕ್ಕಿ ಚೀಲ, ಮಕ್ಕಳ ಸೈಕಲ್ಲು. ಯಾರು ತೆಗೀತಾರೆ?

ಕೆಲವು ವಿಷಯ ತಿಳಿದಿರಲಿ. ಸ್ಟೆಪ್ನಿಗೆ ಯಾವಾಗಲೂ ಎರಡು ಮೂರು ಪಾಯಿಂಟ್ ಜಾಸ್ತಿ ಹಿಡಿಸಿ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕಿದ್ದು ಕಂಡರೆ ಕೀಳಬೇಡಿ. ಮೊಳೆಯೇ ಬಿರಡೆ ಥರ ಗಾಳಿ ತಡೆದಿರುತ್ತೆ. ಗಾಳಿ ಇರೋವರೆಗೆ ನಿಧಾನಕ್ಕೆ ಅಂಗಡಿಗೆ ತನ್ನಿ. ಕಿತ್ತರೆ ಅಲ್ಲೇ ಮುಗೀತು. ಹೈವೇಯಲ್ಲಿ ಟೈರ್ ಸಿಡಿಯೋದು ಗಾಳಿ ಜಾಸ್ತಿ ಆಗಿ ಅಂತ ತುಂಬಾ ಜನ ತಿಳಿದಿದ್ದಾರೆ. ಜಾಸ್ತಿ ಸಲ ಕಾರಣ ಉಲ್ಟಾ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾಯುತ್ತೆ, ಕಾದು ಸಿಡಿಯುತ್ತೆ. ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲಿನ ಒಳಗೆ ಸ್ಟಿಕ್ಕರ್ ಇರುತ್ತೆ. ಬೆಳಗ್ಗೆ, ಟೈರ್ ತಣ್ಣಗಿದ್ದಾಗ ನೋಡಿ. ನೈಟ್ರೋಜನ್ ಹಾಕಿಸಬೇಕಾ ಅಂತ ಕೇಳೋರಿಗೆ: ಸುಮ್ನೆ ಹಿಡಿಸುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್.

ರೈಲ್ವೆ ಪಾಸ್
ರೈಲಿಗೆ ಪಂಕ್ಚರ್ ಇಲ್ಲ. ಸುಮ್ನೆ ಹೇಳಿದೆ.

ಶಿರಾ ಗೇಟ್ ಇಲಿ ಬಾಧಿತ
ಗ್ಯಾರೇಜ್ ಅಣ್ಣಾ, ಇಲಿಗೆ ಏನಾದರೂ ಮದ್ದು ಇದೆಯಾ? ನಮ್ಮ ಬೀದಿಯಲ್ಲಿ ಸಾಲಾಗಿ ಆರು ಕಾರು ನಿಲ್ಲುತ್ತವೆ. ಹೊಸ ಕಾರಿದೆ, ದೊಡ್ಡ ಕಾರಿದೆ. ಇಲಿ ಬರೋದು ನನ್ನ ಹಳೇ ಗಾಡಿಗೇ. ಬಾನೆಟ್ ತೆಗೆದರೆ ಎಂಜಿನ್ ಮೇಲೆ ಅರ್ಧ ತಿಂದ ಕೊಬ್ಬರಿ ಚೂರು, ಯಾರದೋ ಕಾಲುಚೀಲ, ಪಕ್ಕದಲ್ಲಿ ಕಡಿದ ವೈರು. ಬೆಳಗ್ಗೆ ಕೀ ತಿರುಗಿಸಿದರೆ ಟಕ್ ಅನ್ನಲ್ಲ. ಶೋರೂಮಿನವರು ಇಡೀ ವೈರಿಂಗ್ ಬದಲಿಸಬೇಕು ಅಂತ ಹೇಳಿದ ರೇಟಿಗೆ ಒಂದು ಹಸು ಬರುತ್ತಿತ್ತು.

ಗ್ಯಾರೇಜ್ ಅಂತರಸನಹಳ್ಳಿ
ಇಡೀ ವೈರಿಂಗ್ ಯಾಕೆ? ಕಡಿದ ಕಡೆ ಜೋಡಿಸಿ, ಸ್ಲೀವ್ ಹಾಕಿ, ಟೇಪ್ ಸುತ್ತಿದರೆ ತುಂಬಾ ಸಲ ಸಾಕಾಗುತ್ತೆ. ಆದರೆ ಏರ್‌ಬ್ಯಾಗ್, ಎಬಿಎಸ್ ವೈರ್ ಆದರೆ ಸರಿಯಾದವರ ಹತ್ತಿರವೇ ಮಾಡಿಸಿ, ಅದರಲ್ಲಿ ಜಿಪುಣತನ ಬೇಡ. ಮದ್ದು ಅಂದರೆ, ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಕೆಲವು ಇಲಿ ಓಡುತ್ತವೆ. ಕೆಲವು ಅದರ ಮೇಲೇ ಮಲಗಿದ್ದನ್ನು ನಾನೇ ನೋಡಿದ್ದೇನೆ. ಕೆಳಗಿನಿಂದ ಜಾಲರಿ ಹಾಕಿಸೋದು ಒಳ್ಳೆಯದು. ಸಾರ್, ನಿಮ್ಮ ಗಾಡಿಗೇ ಯಾಕೆ ಅಂದರೆ, ಸಂಜೆ ಎಲ್ಲರಿಗಿಂತ ತಡವಾಗಿ ಬರೋದು ನೀವೇ ಇರಬೇಕು. ಎಂಜಿನ್ ಬಿಸಿ ಇರುತ್ತೆ. ಚಳಿಗಾಲದಲ್ಲಿ ಇಲಿಗೂ ಬೆಚ್ಚಗಿನ ಜಾಗ ಬೇಕಲ್ಲ.

ಶಿರಾ ಗೇಟ್ ಇಲಿ ಬಾಧಿತ
ಹೌದು, ರಾತ್ರಿ ಒಂಬತ್ತೂವರೆಗೆ ಬರುತ್ತೇನೆ. ಅಂದರೆ ಗೊರಗುಂಟೆಪಾಳ್ಯದ ಸಿಗ್ನಲ್‌ನಿಂದ ಹಿಡಿದು ಇಲಿಯವರೆಗೆ ಎಲ್ಲ ಒಂದೇ ಸರಪಳಿ!

ಕೆಎ 06
ಟೋಲ್ ಬಗ್ಗೆ ಯಾರೂ ದುಡ್ಡಿನ ಮಾತೇ ಎತ್ತಲಿಲ್ಲವಲ್ಲ. ವಾರ್ಷಿಕ ಪಾಸ್ ತಗೊಂಡವರು ಇದ್ದೀರಾ? 2025ರ ಆಗಸ್ಟ್ 15ರಿಂದ ಬಂತಲ್ಲ, ಶುರುವಿನಲ್ಲಿ 3000 ರೂಪಾಯಿದು. ಪೇಪರ್‌ನಲ್ಲಿ ವರ್ಷಪೂರ್ತಿ ನಿಶ್ಚಿಂತೆ ಅನ್ನೋ ಹಾಗೆ ಬಂದಿತ್ತು.

ಲೆಕ್ಕದ ಮೇಷ್ಟ್ರು
ನಿಶ್ಚಿಂತೆ ವರ್ಷಕ್ಕೊಮ್ಮೆ ತಿರುಪತಿಗೆ ಹೋಗುವವರಿಗೆ. ಪಾಸು ಒಂದು ವರ್ಷ ಇಲ್ಲವೇ 200 ಸಲ, ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ಸರಿ. ನಮ್ಮ ಥರದ ರಸ್ತೆಯಲ್ಲಿ ಒಂದೊಂದು ಟೋಲ್ ದಾಟಿದ್ದೂ ಒಂದೊಂದು ಸಲ. ದಾರಿಯಲ್ಲಿ ಎರಡು ಟೋಲ್ ಇದ್ದವರಿಗೆ ಹೋಗಿ ಬಂದರೆ ನಾಲ್ಕು. 50 ದಿನಕ್ಕೆ 200 ಖಾಲಿ. ಎರಡು ತಿಂಗಳಿಗೊಂದು ಪಾಸು ಕೊಳ್ಳಬೇಕು. ಆದರೂ ನಷ್ಟ ಇಲ್ಲ. ಶುರುವಿನ ರೇಟು 3000 ಭಾಗಿಸು 200, ಒಂದು ಸಲಕ್ಕೆ 15 ರೂಪಾಯಿ ಬೀಳುತ್ತಿತ್ತು. ಈಗ ಒಂದು ಟೋಲ್‌ಗೆ ಎಷ್ಟು ಕಟ್ ಆಗ್ತಿದೆ ಅಂತ ಮೆಸೇಜ್ ತೆಗೆದು ನೋಡಿ.

ಸ್ವಂತ ಕಾರಿಗೆ ಮಾತ್ರ. ಟ್ಯಾಕ್ಸಿ ಬೋರ್ಡಿಗೆ ಇಲ್ಲ. ನ್ಯಾಷನಲ್ ಹೈವೇ ಬಿಟ್ಟು ನೈಸ್ ರಸ್ತೆ ಹತ್ತಿದರೆ ಅಲ್ಲಿಯ ದುಡ್ಡು ಬೇರೆ. ಟೋಲ್‌ನಿಂದ 20 ಕಿಲೋಮೀಟರ್ ಒಳಗೆ ಮನೆ ಇದ್ದವರು ತಿಂಗಳ ಸ್ಥಳೀಯ ಪಾಸನ್ನೂ ಕೇಳಿ ನೋಡಿ. ಒಂದೇ ಟೋಲ್ ದಾಟುವವರಿಗೆ ಅದು ಇನ್ನೂ ಅಗ್ಗ.

ಹತ್ತು ಚಕ್ರ
ನಮಗೆ ಆ ವಾರ್ಷಿಕ ಪಾಸ್ ಇಲ್ಲ. ಸುಮ್ನೆ ನೆನಪಿಸಿದೆ.

ಕೆಎ 06
ಥ್ಯಾಂಕ್ಸ್ ಮೇಷ್ಟ್ರೇ. ಇನ್ನೊಂದು ಕೇಳ್ತೀನಿ. ನೆಲಮಂಗಲದಿಂದ ಮುಂದೆ ಕೆಲವು ಸಲ ಕಾರಣವೇ ಇಲ್ಲದೆ ಜಾಮ್ ಆಗುತ್ತಲ್ಲ? ಆಕ್ಸಿಡೆಂಟ್ ಇಲ್ಲ, ಪೊಲೀಸ್ ಇಲ್ಲ, ಕೆಟ್ಟ ಗಾಡಿ ಇಲ್ಲ. ಹತ್ತು ನಿಮಿಷ ತೆವಳಿ ತೆವಳಿ ಹೋದ ಮೇಲೆ ಇದ್ದಕ್ಕಿದ್ದಂತೆ ರಸ್ತೆ ಖಾಲಿ. ಯಾರು ತಡೆದಿದ್ದು?

ಲೆಕ್ಕದ ಮೇಷ್ಟ್ರು
ಒಳ್ಳೆ ಪ್ರಶ್ನೆ. ನೆಲಮಂಗಲದಲ್ಲಿ ಹಾಸನದ ರಸ್ತೆ ಬಂದು ನಮ್ಮ ರಸ್ತೆಗೆ ಸೇರುತ್ತೆ. ಮಂಗಳೂರು ಕಡೆಯವರು, ಹುಬ್ಬಳ್ಳಿ, ಶಿವಮೊಗ್ಗ ಕಡೆಯವರು ಎಲ್ಲ ಅಲ್ಲಿಂದ ಒಂದೇ ದಾರಿ. ಹಾಗಾಗಿ ಗಾಡಿ ಕಿಕ್ಕಿರಿದಿರುತ್ತೆ. ಕಿಕ್ಕಿರಿದ ಮೇಲೆ ಜಾಮ್ ಆಗಲು ಕಾರಣವೇ ಬೇಡ.

2008ರಲ್ಲಿ ಜಪಾನಿನವರು ಇದನ್ನು ಮಾಡಿ ತೋರಿಸಿದರು. 230 ಮೀಟರಿನ ದುಂಡು ದಾರಿ. ಅದರಲ್ಲಿ 22 ಕಾರು. ಎಲ್ಲರೂ ಒಂದೇ ವೇಗದಲ್ಲಿ ಸುತ್ತಿ ಅಂದರು. ಸಿಗ್ನಲ್ ಇಲ್ಲ, ಹಂಪ್ ಇಲ್ಲ, ಹಸು ಇಲ್ಲ. ಸ್ವಲ್ಪ ಹೊತ್ತು ಚೆನ್ನಾಗಿಯೇ ಸುತ್ತಿದರು. ಆಮೇಲೆ ಒಬ್ಬ ಒಂಚೂರು ನಿಧಾನ ಮಾಡಿದ. ಹಿಂದಿನವನು ಅದಕ್ಕಿಂತ ಜಾಸ್ತಿ ಬ್ರೇಕ್ ಒತ್ತಿದ. ಅವನ ಹಿಂದಿನವನು ಇನ್ನೂ ಜಾಸ್ತಿ. ಕೊನೆಗೆ ಒಂದು ಗುಂಪು ಪೂರ್ತಿ ನಿಂತೇಬಿಟ್ಟಿತು. ಆ ಜಾಮ್ ಹಿಂದಕ್ಕೆ ಹಿಂದಕ್ಕೆ ಸಾಗುತ್ತಾ ಹೋಯಿತು. ಮುಂದಿನವರು ಬಿಡಿಸಿಕೊಂಡು ಹೋದರು, ಹಿಂದಿನವರು ಬಂದು ಸಿಕ್ಕಿಕೊಂಡರು.

ನೀವು ಮಾದಾವರದ ಹತ್ತಿರ ಅನುಭವಿಸುವ ಜಾಮ್ ಎಷ್ಟೋ ಹೊತ್ತಿನ ಮುಂಚೆ, ಎಷ್ಟೋ ಮುಂದೆ, ಫೋನ್ ನೋಡುತ್ತಾ ಸಡನ್ ಬ್ರೇಕ್ ಹಾಕಿದವನದು ಇರಬಹುದು. ಅವನು ಇಷ್ಟೊತ್ತಿಗೆ ಆಫೀಸಿನಲ್ಲಿ ಕಾಫಿ ಕುಡೀತಿರುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, ಈ ರಸ್ತೆಯ ದೊಡ್ಡ ರೋಗ ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗೋದು. ಜಾಗ ಬಿಟ್ಟರೆ ಬೇರೆಯವನು ನುಗ್ಗುತ್ತಾನೆ ಅಂತೀರಿ. ನುಗ್ಗಲಿ ಬಿಡಿ. ಹತ್ತು ಜನ ನುಗ್ಗಿದರೂ ನಿಮಗೆ ಅರ್ಧ ನಿಮಿಷ ತಡ. ಒಂದು ಬಂಪರ್ ಒಡೆದರೆ ಅರ್ಧ ದಿನ ತಡ.

ಶೆಟ್ಟಿಹಳ್ಳಿ ಗೇಟ್
ಇದನ್ನು ಹಿಂದೆ ಬರುವ ಕಾರಿನವನಿಗೆ ಹೇಗೆ ಹೇಳೋದು? ನಾನು ಜಾಗ ಬಿಟ್ಟರೆ ಅವನು ಲೈಟ್ ಡಿಪ್ಪರ್ ಹೊಡೆಯುತ್ತಲೇ ಇರುತ್ತಾನೆ.

ಕ್ಯಾತ್ಸಂದ್ರದ ಸೊಸೆ
ಅದಕ್ಕೆ ಹಿಂದಿನ ಗಾಜಿಗೆ ದೃಷ್ಟಿಗೊಂಬೆ ಅಂಟಿಸಿ. ತಮಾಷೆ ಅಲ್ಲ! ನಮ್ಮ ಯಜಮಾನರು ನಾಲಿಗೆ ಚಾಚಿದ ಒಂದು ಕಪ್ಪು ಮುಖ ಅಂಟಿಸಿದ್ದಾರೆ. ಸ್ವಲ್ಪ ದೂರವೇ ಇರ್ತಾರೆ ಜನ.

ದೃಷ್ಟಿ ಅಂದ ಮೇಲೆ ಇನ್ನೊಂದು. ಆಯುಧಪೂಜೆಯ ಮರುದಿನ ರಸ್ತೆ ಮಧ್ಯೆ ಒಡೆದ ಬೂದುಕುಂಬಳಕಾಯಿ ದಯವಿಟ್ಟು ಬದಿಗೆ ಸರಿಸಿ. ಬಿ.ಎಚ್. ರಸ್ತೆಯಲ್ಲಿ ಅದರ ಮೇಲೆ ಸ್ಕೂಟರ್ ಜಾರಿ ಹುಡುಗಿಯೊಬ್ಬಳು ಬಿದ್ದದ್ದನ್ನು ಕಣ್ಣಾರೆ ಕಂಡೆ. ನಿಮ್ಮ ಕಾರಿನ ದೃಷ್ಟಿ ತೆಗೆದು ಬೇರೆಯವರ ಮೊಣಕಾಲಿಗೆ ಹಾಕಬೇಡಿ.

ರೈಲ್ವೆ ಪಾಸ್
ಈಗ ತಮಾಷೆ ಬಿಟ್ಟು ಹೇಳುತ್ತೇನೆ. ಯಶವಂತಪುರದಲ್ಲಿ ಆಫೀಸ್ ಇರುವವರಿಗೆ ಕಾರ್ ಯಾಕೆ? ಪಾಸ್ ತಗೊಂಡರೆ ತಿಂಗಳ ಖರ್ಚು ನಿಮ್ಮ ಎರಡು ದಿನದ ಪೆಟ್ರೋಲಿಗಿಂತ ಕಮ್ಮಿ. ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೊ. ನಮ್ಮ ಬೋಗಿಯಲ್ಲಿ ತಿಂಡಿ ಹಂಚಿಕೊಳ್ಳುತ್ತೇವೆ. ಆಯುಧಪೂಜೆಗೆ ಎಂಜಿನ್‌ಗೆ ಹಾರ ಹಾಕುತ್ತೇವೆ. ಮೊನ್ನೆ ಒಬ್ಬರ ಮಗಳ ಮದುವೆ ಮಾತುಕತೆ ಸೋಲದೇವನಹಳ್ಳಿಯಲ್ಲಿ ಶುರುವಾಗಿ ದಾಬಸ್‌ಪೇಟೆಗೆ ಬರುವಷ್ಟರಲ್ಲಿ ಕುದುರಿತು.

ಶಿರಾ ಗೇಟ್ ಇಲಿ ಬಾಧಿತ
ಚೆನ್ನಾಗಿದೆ ಸಾರ್. ಆದರೆ ನನ್ನ ಫ್ಯಾಕ್ಟರಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಕಡೆ ಹೋಗೋ ರಸ್ತೆಯಲ್ಲಿ. ಕೆಲಸ ಮುಗಿಸಿ ಪೀಣ್ಯಕ್ಕೂ ಹೋಗಿ ಲೆಕ್ಕ ಒಪ್ಪಿಸಬೇಕು. ರೈಲು ಅಲ್ಲೆಲ್ಲ ತಿರುಗಲ್ಲ.

ಕೆಎ 06
ನಡುವಿನ ದಾರಿ ಒಂದಿದೆ. 2024ರ ನವೆಂಬರ್‌ನಿಂದ ಹಸಿರು ಮೆಟ್ರೊ ಮಾದಾವರದವರೆಗೆ ಬಂದಿದೆ. ಅಲ್ಲಿಯವರೆಗೆ ಬಸ್ಸಲ್ಲೋ ಕಾರಲ್ಲೋ ಹೋಗಿ ಮೆಟ್ರೊ ಹತ್ತಿದರೆ ಎಂಟನೇ ಮೈಲಿ, ಜಾಲಹಳ್ಳಿ, ಗೊರಗುಂಟೆಪಾಳ್ಯ ಎಲ್ಲವನ್ನೂ ಮೇಲಿಂದ ನೋಡುತ್ತಾ ಹೋಗಬಹುದು. ಕಾರ್ ನಿಲ್ಲಿಸಲು ಜಾಗ ಸಿಗಬೇಕಾದರೆ ಬೇಗ ಹೋಗಬೇಕು, ಅದೊಂದೇ. ತುಮಕೂರಿಗೇ ಮೆಟ್ರೊ ತರುವ ಮಾತೂ ನಡೆದಿದೆ. ಅದು ಬರುವ ಹೊತ್ತಿಗೆ ನನಗೆ ರಿಟೈರ್ಮೆಂಟ್.

ಶೆಟ್ಟಿಹಳ್ಳಿ ಗೇಟ್
ಮಾದಾವರದ ದಾರಿ ನೋಡುತ್ತೇನೆ. ಬೆಳಗ್ಗೆ ಆರೂಮುಕ್ಕಾಲಿಗೆ ಹೊರಡೋದು. ಬಟವಾಡಿಯಲ್ಲಿ ಹತ್ತುವವರಿದ್ದರೆ ಮೂರು ಸೀಟ್ ಖಾಲಿ ಇದೆ. ಪೆಟ್ರೋಲ್ ಹಂಚಿಕೊಳ್ಳೋಣ.

ಕ್ಯಾತ್ಸಂದ್ರದ ಸೊಸೆ
ಸೋಮವಾರಕ್ಕೆ ಒಂದು ಸೀಟ್ ನನಗಿರಲಿ ಅಣ್ಣಾ. ಆರೂಮುಕ್ಕಾಲು ಅಂದರೆ ಅತ್ತೆಗೂ ಅಡ್ಡಿ ಇಲ್ಲ. ಆದರೆ ನಿಮ್ಮ ಸ್ಟೆಪ್ನಿಗೆ ಗಾಳಿ ಹಿಡಿಸಿದ್ದೀರಾ?

ಶೆಟ್ಟಿಹಳ್ಳಿ ಗೇಟ್
ಹಿಡಿಸಿದ್ದೇನೆ ಅಕ್ಕಾ. 35.

ಹತ್ತು ಚಕ್ರ
ಈಗ ಓಡಿಸ್ತಿಲ್ಲ, ದಾಬಸ್‌ಪೇಟೆ ಹತ್ತಿರ ಚಹಾಕ್ಕೆ ನಿಲ್ಲಿಸಿದ್ದೀನಿ. ಬೆಂಗಳೂರು ಕಡೆ ಹೋಗುವವರು ಕೇಳಿ. ಮುಂದೆ ಒಂದು ಟ್ರೇಲರ್ ಆಕ್ಸೆಲ್ ಮುರಿದು ಬಲಗಡೆ ಲೇನಲ್ಲೇ ಕೂತಿದೆ. 1033ಕ್ಕೆ ಫೋನ್ ಮಾಡಿ ಹೇಳಿದ್ದೇನೆ, ಕ್ರೇನ್ ಇನ್ನೂ ಬಂದಿಲ್ಲ. ತುಮಕೂರು ಬಿಡದೇ ಇದ್ದವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದುಕೊಂಡೇ ಬನ್ನಿ. ಬಿಟ್ಟವರು ಎಡಗಡೆ ಇರಿ, ರಾಂಗ್ ಸೈಡ್ ಬೈಕ್ ನೋಡಿಕೊಳ್ಳಿ.

ರೈಲ್ವೆ ಪಾಸ್
ನಮ್ಮ ಗಾಡಿಯನ್ನೂ ದೊಡ್ಡಬೆಲೆಯಲ್ಲಿ ಬೇರೆ ರೈಲಿಗೆ ದಾರಿ ಬಿಡಬೇಕು ಅಂತ ನಿಲ್ಲಿಸಿದ್ದಾರೆ. ಇಪ್ಪತ್ತು ನಿಮಿಷ ಆಯ್ತು. ಯಾರೂ ನಗಬೇಡಿ.